ಲೈನ್ ಮನೆಯ ಬೀಗದ ಕೈ ಯಾರ ಹತ್ತಿರ?

ಇವತ್ತು ಡಿಸೆಂಬರ್ 2. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರ ಇಲ್ಲ, ರಜೆ ಇಲ್ಲ, ಹಾಗಾಗಿ ಯಾರಿಗೂ ನೆನಪಿರುವುದಿಲ್ಲ. ವಿಶ್ವಸಂಸ್ಥೆ ಇದನ್ನು ಗುಲಾಮಗಿರಿ ನಿರ್ಮೂಲನೆಯ ದಿನ ಅಂತ ಕರೆದಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಈ ಭೂಮಿಯ ಮೇಲೆ ಹತ್ತಿರ ಹತ್ತಿರ 5 ಕೋಟಿ ಜನ ಒಂದಲ್ಲ ಒಂದು ಬಗೆಯ ಗುಲಾಮಗಿರಿಯಲ್ಲಿ ಇದ್ದಾರೆ. ಅವರಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೆಯಲ್ಲಿ, ಉಳಿದವರು ಬಲವಂತದ ಮದುವೆಯಲ್ಲಿ. 2011ರ ಗಣತಿಯಲ್ಲಿ ನಮ್ಮ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ ಇತ್ತು. ಲೆಕ್ಕ ನೀವೇ ಹಾಕಿಕೊಳ್ಳಿ.

ಗುಲಾಮಗಿರಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಹಡಗು, ಸರಪಳಿ, ಆಫ್ರಿಕಾ, ಅಮೆರಿಕದ ಹತ್ತಿ ಹೊಲ. ಬರಬೇಕಾದ್ದೇ. ನಾಲ್ಕು ಶತಮಾನಗಳಲ್ಲಿ ಸುಮಾರು ಒಂದೂಕಾಲು ಕೋಟಿ ಆಫ್ರಿಕನ್ನರನ್ನು ಹಡಗಿಗೆ ತುಂಬಿದರು, ಲಕ್ಷಾಂತರ ಜನ ದಾರಿಯಲ್ಲೇ ಸತ್ತರು. ಆದರೆ ನಾನು ಇವತ್ತು ಅಷ್ಟು ದೂರ ಹೋಗೋದಿಲ್ಲ. ಕೊಡಗಿಗೆ ಹೋಗ್ತೀನಿ. ವಾರಾಂತ್ಯ ಬಂದರೆ ಬೆಂಗಳೂರಿನ ಅರ್ಧ ಕಾರುಗಳು ಹೋಗುತ್ತವಲ್ಲ, ಅದೇ ಕೊಡಗಿಗೆ. ಮಂಜು, ಹೋಂಸ್ಟೇ, ಪಂದಿ ಕರಿ, ಕಾಫಿ ಹೂವಿನ ಘಮ. ಜನರಲ್‌ಗಳನ್ನು, ಹಾಕಿ ಆಟಗಾರರನ್ನು ದೇಶಕ್ಕೆ ಕೊಟ್ಟ ನಾಡು. ಆ ಹೆಮ್ಮೆ ಸುಳ್ಳಲ್ಲ. ಆ ಹೆಮ್ಮೆಯ ಪಕ್ಕದಲ್ಲೇ ಇನ್ನೊಂದು ಲೆಕ್ಕದ ಪುಸ್ತಕ ಇದೆ, ಅದನ್ನು ಯಾರೂ ತೆರೆಯೋದಿಲ್ಲ.

1834ನೇ ಇಸವಿ ತೆಗೆದುಕೊಳ್ಳಿ. ಆ ವರ್ಷ ಏಪ್ರಿಲ್‌ನಲ್ಲಿ ಕಂಪನಿ ಸೈನ್ಯ ಮಡಿಕೇರಿಗೆ ನುಗ್ಗಿತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಗದ್ದುಗೆ ಕಳೆದುಕೊಂಡ. ಮೇ ತಿಂಗಳಲ್ಲಿ ಕೊಡಗು ಕಂಪನಿ ಸರ್ಕಾರಕ್ಕೆ ಸೇರಿತು ಅಂತ ಘೋಷಣೆ ಆಯಿತು. ಈ ಕಥೆ ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಗೊತ್ತು. ಅರಸನ ಮಗಳು ಗೌರಮ್ಮ ಲಂಡನ್ನಿಗೆ ಹೋದದ್ದು, ವಿಕ್ಟೋರಿಯಾ ರಾಣಿ ಅವಳಿಗೆ ಧರ್ಮತಾಯಿ ಆದದ್ದು, ಅದೂ ಗೊತ್ತು.

ಅದೇ ವರ್ಷ ಆಗಸ್ಟ್ 1ಕ್ಕೆ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಜಾರಿಗೆ ಬಂತು. ಮೂರೇ ತಿಂಗಳ ಅಂತರ. ಹಾಗಾದರೆ ಕೊಡಗಿನ ಆಳುಗಳೂ ಬಿಡುಗಡೆ ಆದರಾ? ಇಲ್ಲ. ಆ ಕಾನೂನಿನಲ್ಲೇ ಒಂದು ಕಲಂ ಇಟ್ಟಿದ್ದರು: ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆ ಇದು ಅನ್ವಯಿಸುವುದಿಲ್ಲ. ಜಮೈಕಾದ ಗುಲಾಮನಿಗೆ ಕಾನೂನು ಇದೆ, ಕೊಡಗಿನ ಎರವನಿಗೆ ಇಲ್ಲ. ಇನ್ನೊಂದು ಮಾತು ಕೇಳಿ. ಆ ಕಾನೂನಿನಡಿ ಬ್ರಿಟನ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಗುಲಾಮರಿಗಲ್ಲ, ಗುಲಾಮರ ಮಾಲೀಕರಿಗೆ. ಆಸ್ತಿ ಕಳೆದುಕೊಂಡರಲ್ಲ ಪಾಪ, ಅದಕ್ಕೆ. ಆ ಪರಿಹಾರಕ್ಕೆ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಮಾಲೀಕರ ಸಾಲವನ್ನು 180 ವರ್ಷ ಕಟ್ಟಿದರು. ಗುಲಾಮನ ಕೈಗೆ ಬಿಡಿಗಾಸು ಬರಲಿಲ್ಲ.

ಕೊಡಗಿನಲ್ಲಿ ಗುಲಾಮರು ಇದ್ದರೇ ಅಂತ ಅನುಮಾನ ಇರುವವರು ಜಾರ್ಜ್ ರಿಕ್ಟರ್ ಬರೆದ ಪುಸ್ತಕ ನೋಡಬಹುದು. ಜರ್ಮನಿಯ ಪಾದ್ರಿ, ಮಡಿಕೇರಿಯಲ್ಲಿ ಶಾಲೆ ನಡೆಸಿದವರು, 1870ರಲ್ಲಿ ಕೊಡಗಿನ ಕೈಪಿಡಿ ಪ್ರಕಟಿಸಿದರು. ಅದರಲ್ಲಿ ಆಳುಗಳಲ್ಲಿ ಎರಡು ಬಗೆ ಅಂತ ದಾಖಲಾಗಿದೆ. ಒಂದು, ಭೂಮಿ ಜಮ್ಮದ ಆಳು. ಈತ ಭೂಮಿಗೆ ಅಂಟಿಕೊಂಡವನು. ಗದ್ದೆ ಕೈ ಬದಲಾದರೆ ಇವನೂ ಗದ್ದೆಯ ಜೊತೆ ಕೈ ಬದಲಾಗುತ್ತಾನೆ. ಬದುವಿನ ಮೇಲಿನ ಮರ ಇದ್ದಂತೆ. ಇನ್ನೊಂದು, ಒಕ್ಕಲು ಜಮ್ಮದ ಆಳು. ಈತ ಮನೆತನದ ಸ್ವತ್ತು. ಇವನನ್ನು ಮಾರಬಹುದು, ಅಡವು ಇಡಬಹುದು. ಜಮ್ಮ ಅಂದರೆ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಜನ್ಮ ಅನ್ನೋ ಪದದಿಂದ ಬಂದದ್ದು, ವಂಶಪಾರಂಪರ್ಯವಾಗಿ ಅನುಭವಿಸುವ ಭೂಮಿ. ಒಬ್ಬನಿಗೆ ಜನ್ಮದಿಂದ ಭೂಮಿ, ಇನ್ನೊಬ್ಬನಿಗೆ ಜನ್ಮದಿಂದ ಆಳುತನ. ಪದ ಒಂದೇ. ಇವತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಕೊಡಗಿನ ಎಷ್ಟೋ ಕುಟುಂಬಗಳ ಮುತ್ತಜ್ಜಂದಿರು ಈ ಎರಡು ಪಟ್ಟಿಗಳಲ್ಲಿ ಒಂದರಲ್ಲಿದ್ದವರು.

ಸೆರೆ ಅಂದರೆ ಏನು ಅಂತ ಕೊಡಗಿಗೆ ಗೊತ್ತಿಲ್ಲದ್ದೇನೂ ಅಲ್ಲ. ಟಿಪ್ಪು ಕಾಲದಲ್ಲಿ ಕೊಡಗಿನ ಜನರನ್ನೇ ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಹೊಡೆದುಕೊಂಡು ಹೋಗಿದ್ದರು. ಎಷ್ಟು ಸಾವಿರ ಅನ್ನೋ ವಿಷಯಕ್ಕೆ ಇತಿಹಾಸಕಾರರು ಇನ್ನೂ ಜಗಳ ಆಡುತ್ತಾರೆ. ಆಡಲಿ. ಆ ನೋವನ್ನು ಕೊಡಗು ಇನ್ನೂರು ವರ್ಷ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಎರವನ ನೋವಿಗೆ ಮಾತ್ರ ಅಂಥ ನೆನಪಿನ ಜಾಗ ಯಾಕಿಲ್ಲ ಅನ್ನೋದು ನನ್ನ ಪ್ರಶ್ನೆ.

1843ರಲ್ಲಿ ಕಂಪನಿ ಸರ್ಕಾರ ಐದನೇ ಕಾಯ್ದೆ ತಂದಿತು. ಅದನ್ನು ಭಾರತದ ಗುಲಾಮಗಿರಿ ನಿಷೇಧ ಕಾಯ್ದೆ ಅಂತ ಪಠ್ಯಪುಸ್ತಕದಲ್ಲಿ ಓದುತ್ತೇವೆ. ಓದಿ ನೋಡಿದರೆ ಅದು ಗುಲಾಮಗಿರಿ ಅಪರಾಧ ಅಂತ ಎಲ್ಲೂ ಹೇಳೋದಿಲ್ಲ. ಈ ಮನುಷ್ಯ ನನ್ನ ಆಸ್ತಿ ಅಂತ ಕೋರ್ಟಿಗೆ ಬಂದರೆ ನಾವು ಕೇಳೋದಿಲ್ಲ ಅಂತ ಹೇಳುತ್ತೆ, ಅಷ್ಟೇ. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಆಗಲು 1860ರ ದಂಡ ಸಂಹಿತೆ ಬರಬೇಕಾಯಿತು. ಕೋರ್ಟು ಕಾಣದ, ಸರ್ಕಾರಿ ಆಫೀಸರ ಮುಖ ಕಾಣದ, ಗದ್ದೆ ಬದುವಿನ ಗುಡಿಸಲಲ್ಲಿ ಹುಟ್ಟಿ ಅಲ್ಲೇ ಸಾಯುವ ಮನುಷ್ಯನಿಗೆ ನೀನು ಇನ್ನು ಆಸ್ತಿಯಲ್ಲ ಅಂತ ಯಾರು ಹೋಗಿ ಹೇಳಬೇಕಿತ್ತು? ಹೇಳಿದರೂ ಅವನು ಎಲ್ಲಿಗೆ ಹೋಗಬೇಕಿತ್ತು? ಗುಡಿಸಲು ಧಣಿಯದ್ದು. ಗುಡಿಸಲಿನ ಕೆಳಗಿನ ನೆಲ ಧಣಿಯದ್ದು.

ಈ ಪ್ರಶ್ನೆ ನೆನಪಿಟ್ಟುಕೊಳ್ಳಿ. ಎಲ್ಲಿಗೆ ಹೋಗಬೇಕು?

ಅಷ್ಟರಲ್ಲಿ ಕಾಫಿ ಬಂತು. 1854ರಲ್ಲಿ ಜಾನ್ ಫೌಲರ್ ಎಂಬಾತ ಮಡಿಕೇರಿಯಲ್ಲಿ ಯೂರೋಪಿಯನ್ನರ ಮೊದಲ ಕಾಫಿ ತೋಟ ಶುರು ಮಾಡಿದ. ಕಾಫಿ ಮತ್ತು ಗುಲಾಮಗಿರಿ ಮೊದಲಿಂದಲೂ ಅಣ್ಣತಮ್ಮಂದಿರ ಹಾಗೆ. ಹದಿನೆಂಟನೇ ಶತಮಾನದ ಕೊನೆಗೆ ಜಗತ್ತಿನ ಕಾಫಿಯಲ್ಲಿ ಅರ್ಧದಷ್ಟನ್ನು ಬೆಳೆಯುತ್ತಿದ್ದದ್ದು ಇವತ್ತಿನ ಹೈಟಿ, ಆಫ್ರಿಕನ್ ಗುಲಾಮರ ಬೆವರಿನಲ್ಲಿ. ಅವರು 1791ರಲ್ಲಿ ತಿರುಗಿಬಿದ್ದರು, 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಆಮೇಲೆ ಕಾಫಿಯ ಗದ್ದುಗೆ ಬ್ರೆಜಿಲ್‌ಗೆ ಹೋಯಿತು. ಅಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ. ಅಲ್ಲಿವರೆಗೂ ಕಾಫಿ ಕೊಯ್ದದ್ದು ಗುಲಾಮರೇ.

ನಮ್ಮಲ್ಲಿ ಬಹಿರಂಗವಾಗಿ ಗುಲಾಮರನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದಕ್ಕೆ ಬೇರೆ ದಾರಿ ಹುಡುಕಿದರು. ಆ ದಾರಿಯ ಹೆಸರು ಮುಂಗಡ. ಮೇಸ್ತ್ರಿ ಊರೂರಿಗೆ ಹೋಗಿ ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಾನೆ. ಮುಂಗಡ ತೀರುವವರೆಗೆ ತೋಟ ಬಿಡುವ ಹಾಗಿಲ್ಲ. ಬಿಟ್ಟು ಹೋದರೆ? 1859ರಲ್ಲಿ ಹದಿಮೂರನೇ ಕಾಯ್ದೆ ಬಂತು, ಕೆಲಸಗಾರರ ಕರಾರು ಭಂಗ ಕಾಯ್ದೆ. ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು, ಅವನು ಆಗಲೂ ಒಪ್ಪದಿದ್ದರೆ ಮೂರು ತಿಂಗಳವರೆಗೆ ಜೈಲು. ಸಾಲ ತೀರಿಸದ ಸಾಹುಕಾರನ ಮೇಲೆ ಸಿವಿಲ್ ದಾವೆ, ಕೂಲಿಯ ಮೇಲೆ ಕ್ರಿಮಿನಲ್ ಕೇಸು. ಈ ಕಾನೂನು ನಾಚಿಕೆಗೇಡು ಅಂತ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ನಿಸಿ ಅದನ್ನು ರದ್ದು ಮಾಡುವ ಹೊತ್ತಿಗೆ 1926 ಬಂದಿತ್ತು. ಆಗ ಕೊಡಗಿನಲ್ಲಿ ಏನಾಯಿತು ಗೊತ್ತಾ? ಅದೇ ವರ್ಷ ಕೊಡಗಿಗೆಂದೇ ಪ್ರತ್ಯೇಕ ಕೂಲಿ ಕಾಯ್ದೆ ಮಾಡಿದರು. ಕರಾರು ಮುರಿದ ಕೂಲಿಗೆ ಶಿಕ್ಷೆ ಕೊಡುವ ಅಧಿಕಾರವನ್ನು ಇನ್ನೂ ಕೆಲವು ವರ್ಷ, 1931ರವರೆಗೆ, ಉಳಿಸಿಕೊಂಡರು. ದೇಶವೆಲ್ಲ ಬಿಟ್ಟ ಬಾರುಕೋಲನ್ನು ಈ ಪುಟ್ಟ ನಾಡು ಕಾನೂನು ಮಾಡಿ ಕೈಯಲ್ಲಿ ಹಿಡಿದುಕೊಂಡಿತ್ತು.

ಕುಟ್ಟದ ಆಚೆ, ಗಡಿ ದಾಟಿದರೆ ವಯನಾಡು. ಮಾನಂದವಾಡಿ ಹತ್ತಿರ ವಳ್ಳಿಯೂರ್‌ಕಾವು ಅಂತ ಭಗವತಿಯ ದೇವಸ್ಥಾನ ಇದೆ. ಅಲ್ಲಿನ ಜಾತ್ರೆಗೆ ಅಡಿಯರು, ಪಣಿಯರು ಸಂಸಾರ ಸಮೇತ ಬರುತ್ತಿದ್ದರು. ಜಮೀನ್ದಾರರೂ ಬರುತ್ತಿದ್ದರು. ದೇವಿಯ ಎದುರಿಗೆ ಒಂದಿಷ್ಟು ಹಣ ಕೊಟ್ಟರೆ ಮುಗಿಯಿತು, ಇನ್ನೊಂದು ಜಾತ್ರೆ ಬರುವವರೆಗೆ ಆ ಕುಟುಂಬ ಅವನದ್ದು. ದೇವರೇ ಸಾಕ್ಷಿ ಆದಮೇಲೆ ಓಡಿಹೋಗುವ ಧೈರ್ಯ ಯಾರಿಗಿದೆ? ಇದು ನೂರಾರು ವರ್ಷದ ಹಿಂದಿನ ಮಾತಲ್ಲ. ಕಳೆದ ಶತಮಾನದಲ್ಲೂ ನಡೆದದ್ದು. ಅಡಿಯ ಅಂದರೆ ಅರ್ಥವೇ ಅಡಿಯಾಳು. ವಯನಾಡಿನ ಅಡಿಯರು ಮತ್ತು ಕೊಡಗಿನ ನಮ್ಮ ಎರವರು ಒಂದೇ ಬುಡಕಟ್ಟಿನ ಜನ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ರಾವುಳ. ಉಳಿದ ಹೆಸರುಗಳನ್ನು ಬೇರೆಯವರು ಇಟ್ಟದ್ದು.

ಹೆಸರಿನ ಮಾತು ಬಂತು, ಒಂದು ಪದ ಹೇಳಿ ಮುಂದೆ ಹೋಗ್ತೀನಿ. ಜೀತ. ಇವತ್ತು ಜೀತ ಅಂದರೆ ಸಂಬಳವಿಲ್ಲದ ದುಡಿತ. ಹಳೆಗನ್ನಡದಲ್ಲಿ, ನಮ್ಮ ಶಾಸನಗಳಲ್ಲಿ ಜೀವಿತ ಅಂದರೆ ಸೇವೆಗೆ ಪ್ರತಿಯಾಗಿ ಕೊಡುವ ಸಂಬಳ, ಉಂಬಳಿ. ಅದೇ ಸವೆದು ಜೀತ ಆಗಿದ್ದು. ಸಂಬಳ ಅನ್ನೋ ಅರ್ಥ ಇದ್ದ ಪದ ಸಂಬಳ ಇಲ್ಲ ಅನ್ನೋ ಅರ್ಥಕ್ಕೆ ಬಂದು ನಿಂತಿದೆ. ನಡುವೆ ಎಷ್ಟು ತಲೆಮಾರಿನ ಕೂಲಿ ಮುಳುಗಿರಬೇಕು, ಯೋಚನೆ ಮಾಡಿ. ಆಳಾಗಬಲ್ಲವನು ಅರಸಾಗಬಲ್ಲ ಅಂತ ಗಾದೆ ಬೇರೆ ಮಾಡಿಕೊಂಡಿದ್ದೇವೆ. ಕೊಡಗಿನ ಚರಿತ್ರೆಯಲ್ಲಿ ಅರಸನಾದ ಜಮ್ಮದ ಆಳು ಒಬ್ಬನನ್ನು ಯಾರಾದರೂ ನನಗೆ ತೋರಿಸಿ.

ನಿಮ್ಮಲ್ಲಿ ಬಹಳ ಜನ ಚೋಮನ ದುಡಿ ಸಿನಿಮಾ ನೋಡಿರುತ್ತೀರಿ. ಕಾರಂತರ ಕಾದಂಬರಿ 1933ರದ್ದು. ಚೋಮನ ಸಾಲ ತೀರಿಸೋಕೆ ಅವನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ಅಪ್ಪನ ಸಾಲ, ಮಕ್ಕಳ ದುಡಿಮೆ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ಅದೇ 1975ರ ಅಕ್ಟೋಬರ್‌ನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ಹೊರಬಿತ್ತು. 1976ರ ಫೆಬ್ರವರಿಯಲ್ಲಿ ಅದು ಕಾಯ್ದೆ ಆಯಿತು. ತುರ್ತು ಪರಿಸ್ಥಿತಿಯನ್ನು ಎಷ್ಟು ಬೈದರೂ ಈ ಒಂದು ಕಾಯ್ದೆಗೆ ಕೈಮುಗಿಯಬೇಕು. ಚೋಮನ ಸಾಲ ಒಂದೇ ಏಟಿಗೆ ವಜಾ ಆಯಿತು, ಕಾಗದದ ಮೇಲೆ.

ಆದರೆ ಅದೇ ದಶಕದಲ್ಲಿ ಸರ್ಕಾರದ ಇನ್ನೊಂದು ಕೈ ಏನು ಮಾಡುತ್ತಿತ್ತು ನೋಡಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಾಗರಹೊಳೆಯನ್ನು ರಾಷ್ಟ್ರೀಯ ಉದ್ಯಾನ ಮಾಡಲು ಹೊರಟರು. ಕಾಡಿನೊಳಗಿನ ಹಾಡಿಗಳಲ್ಲಿದ್ದ ಜೇನುಕುರುಬರು, ಬೆಟ್ಟಕುರುಬರು, ಎರವರು ಹೊರಗೆ ಬಿದ್ದರು. ಹೈಕೋರ್ಟ್ ಆದೇಶದ ಮೇಲೆ ಕೆಲಸ ಮಾಡಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ನೆಲೆ ತಪ್ಪಿದ ಕುಟುಂಬಗಳನ್ನು ಮೂರು ಸಾವಿರಕ್ಕೂ ಮೇಲೆ ಎಣಿಸಿದೆ. ಅವರು ಎಲ್ಲಿಗೆ ಹೋದರು? ಕಾಡಿನ ಅಂಚಿಗೇ ಕಾಫಿ ತೋಟ. ತೋಟಕ್ಕೆ ಆಳು ಬೇಕು, ಇವರಿಗೆ ಸೂರು ಬೇಕು. ಒಂದು ಇಲಾಖೆ ಜೀತ ಬಿಡಿಸುವ ಕಾಯ್ದೆ ಓದುತ್ತಿದ್ದಾಗ ಇನ್ನೊಂದು ಇಲಾಖೆ ಹೊಸ ಆಳುಗಳನ್ನು ತೋಟದ ಗೇಟಿಗೆ ತಂದು ಬಿಡುತ್ತಿತ್ತು.

ಈಗ ಲೈನ್ ಮನೆಗೆ ಬರೋಣ. ಕೊಡಗಿನ ತೋಟ ಕಂಡವರಿಗೆ ಲೈನ್ ಮನೆ ಗೊತ್ತು. ಒಂದೇ ಉದ್ದನೆಯ ಮಾಡು, ಅದರ ಕೆಳಗೆ ಸಾಲಾಗಿ ಕೋಣೆಗಳು, ಒಂದು ಕೋಣೆಗೆ ಒಂದು ಸಂಸಾರ. ಕೆಲವು ತೋಟಗಳಲ್ಲಿ ಕರೆಂಟು, ನೀರು, ಶೌಚಾಲಯ ಎಲ್ಲ ಇವೆ, ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಕೆಲವು ಕಡೆ ದನದ ಕೊಟ್ಟಿಗೆ ಇದಕ್ಕಿಂತ ಚೆನ್ನಾಗಿರುತ್ತೆ. ನನ್ನ ತಕರಾರು ಕೋಣೆಯ ಗಾತ್ರದ ಬಗ್ಗೆ ಅಲ್ಲ. ಆ ಕೋಣೆ ಕೆಲಸದ ಜೊತೆ ಬರುತ್ತೆ, ಕೆಲಸದ ಜೊತೆ ಹೋಗುತ್ತೆ. ತೋಟದ ಕಾರ್ಮಿಕನಿಗೆ ಮಾಲೀಕನೇ ಮನೆ ಕೊಡಬೇಕು ಅಂತ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೇಳಿತು. ಒಳ್ಳೆಯ ಉದ್ದೇಶವೇ. ಆದರೆ ಕೂಲಿ ಕೊಡುವವನೂ ಅವನೇ, ಸಾಲ ಕೊಡುವವನೂ ಅವನೇ, ಮನೆ ಕೊಡುವವನೂ ಅವನೇ ಆದರೆ ಏನಾಗುತ್ತೆ? ಮಗಳ ಮದುವೆಗೆ, ಗಂಡನ ಆಸ್ಪತ್ರೆಗೆ ಅಂತ ಮಾಲೀಕನಿಂದಲೇ ಮುಂಗಡ ತೆಗೆದುಕೊಳ್ಳಬೇಕು. ಚೆಕ್‌ರೋಲ್ ಬರೆಯೋದು ರೈಟರು, ಸಾಲದ ಲೆಕ್ಕ ಬರೆಯೋದೂ ರೈಟರು. ಓದು ಬಾರದವನು ಹೆಬ್ಬೆಟ್ಟು ಒತ್ತುತ್ತಾನೆ. ವಾರದ ಕೂಲಿಯಲ್ಲಿ ಎಷ್ಟು ಮುರಿದರು, ಎಷ್ಟು ಉಳಿಯಿತು ಅಂತ ಕೇಳುವ ಹಾಗಿಲ್ಲ. ಕೇಳಿದರೆ ಬರುವ ಉತ್ತರ ಒಂದೇ: ಲೆಕ್ಕ ಬೇಕಾದರೆ ಲೆಕ್ಕ ತೀರಿಸಿ ಮನೆ ಖಾಲಿ ಮಾಡು.

ಮನೆ ಖಾಲಿ ಮಾಡಿದರೆ ವಿಳಾಸವೂ ಹೋಯಿತು. ವಿಳಾಸ ಇಲ್ಲದಿದ್ದರೆ ರೇಷನ್ ಕಾರ್ಡಿಲ್ಲ, ವೋಟಿಲ್ಲ, ಜಾತಿ ಪ್ರಮಾಣಪತ್ರಕ್ಕೆ ಅಲೆದಾಟ, ಮಗುವಿನ ಶಾಲೆ ನಡುವೆಯೇ ನಿಂತಿತು. ಗಲ್ಫ್ ದೇಶಗಳಲ್ಲಿ ಮನೆಕೆಲಸಕ್ಕೆ ಹೋದ ನಮ್ಮ ಹೆಣ್ಣುಮಕ್ಕಳ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಸುದ್ದಿ ಬಂದಾಗ ನಾವು ಎಷ್ಟು ಕೂಗಾಡುತ್ತೇವೆ! ಪಾಸ್‌ಪೋರ್ಟ್ ಇದ್ದವರಿಗೆ ಪಾಸ್‌ಪೋರ್ಟ್, ಇಲ್ಲದವರಿಗೆ ರೇಷನ್ ಕಾರ್ಡು.

ಈ ಲೈನ್ ಮನೆಗಳಿಂದ ಹೊರಬಂದವರ ಕಥೆಯೇ ದಿಡ್ಡಳ್ಳಿ. ನಿಮಗೆ ನೆನಪಿರಬಹುದು. ವಿರಾಜಪೇಟೆ ತಾಲ್ಲೂಕಿನ ಮಾಲ್ದಾರೆ ಪಂಚಾಯಿತಿ, ಕಾಡಂಚಿನ ಜಾಗ. ತೋಟಗಳನ್ನು ಬಿಟ್ಟು ಬಂದ ಆದಿವಾಸಿ ಕುಟುಂಬಗಳು ಅಲ್ಲಿ ಗುಡಿಸಲು ಕಟ್ಟಿಕೊಂಡವು. ಇದು ಪೈಸಾರಿ ಜಾಗ ಅಂತ ಅವರು, ಮೀಸಲು ಅರಣ್ಯ ಅಂತ ಇಲಾಖೆ. 2016ರ ಡಿಸೆಂಬರ್ 7ರಂದು ಜೆಸಿಬಿಗಳು ಬಂದವು. 577 ಕುಟುಂಬಗಳ ಗುಡಿಸಲು ನೆಲಸಮ. ಕೊಡಗಿನ ಡಿಸೆಂಬರ್ ಚಳಿಯಲ್ಲಿ ಬಾಣಂತಿಯರು, ಮಕ್ಕಳು ಮರದ ಕೆಳಗೆ. 98 ವರ್ಷದ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಅವರ ಜೊತೆ ನಿಂತರು. ಒಬ್ಬ ಆದಿವಾಸಿ ಹೆಣ್ಣುಮಗಳು ಪ್ರತಿಭಟಿಸಿ ಮರ ಹತ್ತಿದ ದೃಶ್ಯ ಎಲ್ಲ ಚಾನಲ್‌ಗಳಲ್ಲೂ ಓಡಿತು.

ಆಗ ಕೇಳಿಬಂದ ಒಂದು ಮಾತು ಇವತ್ತಿಗೂ ಕೇಳಿಬರುತ್ತೆ: ಲೈನ್ ಮನೆ ಇತ್ತಲ್ಲ, ಅದನ್ನು ಬಿಟ್ಟು ಇವರು ಇಲ್ಲಿಗೆ ಯಾಕೆ ಬಂದರು? ಗೋಡೆ ಇರುವ, ಹೆಂಚು ಇರುವ ಕೋಣೆ ಬಿಟ್ಟು ಆನೆ ಓಡಾಡುವ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಲಗುವುದಕ್ಕೆ ನೂರಾರು ಸಂಸಾರಗಳು ಬಂದಿವೆ ಅಂದರೆ, ಆ ಗೋಡೆಯೊಳಗೆ ಏನಿತ್ತು ಅಂತ ಅಲ್ವಾ ಕೇಳಬೇಕಾದದ್ದು? ಅವರ ಬೇಡಿಕೆ ಚಿನ್ನವಾಗಿರಲಿಲ್ಲ, ಹತ್ತು ಎಕರೆ ತೋಟವಾಗಿರಲಿಲ್ಲ. ತಮ್ಮದು ಅನ್ನಬಹುದಾದ ಒಂದು ಬಾಗಿಲು. ಕೊನೆಗೆ 2017ರಲ್ಲಿ ಸರ್ಕಾರ ಸೋಮವಾರಪೇಟೆ ತಾಲ್ಲೂಕಿನ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಜಾಗ ಗುರುತಿಸಿತು. ಹುಟ್ಟಿದ ಕಾಡಿನಿಂದ, ಕೂಲಿ ಸಿಗುವ ತೋಟದಿಂದ ದೂರ. ಆದರೂ ಹೋದರು. ಅಷ್ಟರಮಟ್ಟಿಗೆ ಬಾಗಿಲು ಬೇಕಾಗಿತ್ತು.

ಮೇ ತಿಂಗಳಲ್ಲಿ ಗೋಣಿಕೊಪ್ಪಲು ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತೆ. ಟಿವಿಯಲ್ಲಿ ನೋಡಿರುತ್ತೀರಿ. ಜೇನುಕುರುಬರು, ಎರವರು ವೇಷ ಹಾಕಿಕೊಂಡು ಬೀದಿಗೆ ಇಳಿಯುತ್ತಾರೆ, ಎದುರಿಗೆ ಬಂದವರನ್ನೆಲ್ಲ ಬೈಯುತ್ತಾರೆ, ದೇವರನ್ನೂ ಬಿಡೋದಿಲ್ಲ. ಬೇಟೆಗೆ ಕರೆದುಕೊಂಡು ಬಂದ ಅಯ್ಯಪ್ಪ ನಮ್ಮನ್ನು ಕಾಡಿನಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅನ್ನೋದು ಅವರ ಸಿಟ್ಟು. ಧಣಿ ಸಿಕ್ಕರೂ ಬೈಗುಳ, ಪೊಲೀಸ್ ಸಿಕ್ಕರೂ ಬೈಗುಳ. ಅವತ್ತು ಯಾರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಕಾಸು ಕೊಟ್ಟು ನಗಬೇಕು. ಬೈಗುಳದ ಹಬ್ಬ ಅಂತ ನಾವೂ ನಗುತ್ತೇವೆ. ವರ್ಷದಲ್ಲಿ ಒಂದು ದಿನ ಬಾಯಿ ಬಿಡುವ ಪರವಾನಗಿ ಯಾರಿಗೆ ಬೇಕಾಗುತ್ತೆ ಅಂತ ನನಗೆ ಆ ನಗುವಿನ ನಡುವೆ ಅನ್ನಿಸುತ್ತೆ.

ಇಷ್ಟು ಹೇಳಿದ ಮೇಲೆ ಕೊಡಗಿನಿಂದ ಫೋನುಗಳು ಬರುತ್ತವೆ, ನನಗೆ ಗೊತ್ತು. ನಮ್ಮ ಆಳುಗಳನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡಿದ್ದೇವೆ ಅಂತಾರೆ. ನೋಡಿಕೊಂಡವರಿದ್ದಾರೆ. ಮುಂಗಡ ತೆಗೆದುಕೊಂಡು ರಾತ್ರೋರಾತ್ರಿ ಓಡಿಹೋಗ್ತಾರೆ, ನಮ್ಮ ದುಡ್ಡಿಗೆ ಯಾರು ದಿಕ್ಕು ಅಂತಾರೆ. ಅದೂ ನಡೆಯುತ್ತೆ. ಕೊಡಗಿನ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು. ಬೆಲೆ ಯಾವ ವರ್ಷ ಏರುತ್ತೋ, ಯಾವ ವರ್ಷ ಬೀಳುತ್ತೋ ಹೇಳೋಕಾಗಲ್ಲ. ಹಣ್ಣಾದ ಕಾಫಿ ಗಿಡದಲ್ಲೇ ಉದುರುವಾಗ ಕೊಯ್ಯಲು ಜನ ಸಿಗೋದಿಲ್ಲ, ಮೇಲಿಂದ ಆನೆ ಕಾಟ. ಈ ಮನುಷ್ಯರನ್ನು ಕೆರಿಬಿಯನ್ ದ್ವೀಪಗಳ ಚಾಟಿ ಹಿಡಿದ ಮಾಲೀಕರ ಜೊತೆ ಕಟ್ಟಿದರೆ ಅದು ಅನ್ಯಾಯ, ನಾನು ಕಟ್ಟೋದಿಲ್ಲ. ಜೊತೆಗೆ ತೋಟ ಇರೋದು ಒಂದೇ ಸಮುದಾಯದ ಕೈಯಲ್ಲೂ ಅಲ್ಲ. ಎಲ್ಲ ಜಾತಿಯ ಮಾಲೀಕರಿದ್ದಾರೆ, ಕಂಪನಿಗಳಿವೆ.

ಆದರೆ ಮನೆ ಮಕ್ಕಳ ಹಾಗೆ ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಮನೆ ಮಗನಿಗೆ ಆಸ್ತಿಯಲ್ಲಿ ಪಾಲು ಇರುತ್ತೆ. ಮನೆ ಮಗ ಸಿಟ್ಟು ಮಾಡಿಕೊಂಡು ಮೈಸೂರಿಗೆ ಹೋದರೆ ಅವನ ಹಿಂದೆ ಮೇಸ್ತ್ರಿಯನ್ನು ಅಟ್ಟೋದಿಲ್ಲ. ಓಡಿಹೋಗ್ತಾರೆ ಅಂತ ದೂರುತ್ತೀರಲ್ಲ, ಆ ಪದವನ್ನೇ ಕೇಳಿಸಿಕೊಳ್ಳಿ. ಬ್ಯಾಂಕಿನ ಗುಮಾಸ್ತ ಕೆಲಸ ಬಿಟ್ಟರೆ ಓಡಿಹೋದ ಅಂತ ಯಾರೂ ಹೇಳೋದಿಲ್ಲ.

ಇದು ಬರೀ ಕೊಡಗಿನ ರೋಗವೂ ಅಲ್ಲ. 2018ರ ಡಿಸೆಂಬರ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಶೆಡ್ಡಿನೊಳಗೆ ಕೂಡಿಹಾಕಿದ್ದ 52 ಜನರನ್ನು ಪೊಲೀಸರು ಬಿಡಿಸಿದರು. ದಿನಕ್ಕೆ 600 ರೂಪಾಯಿ ಕೂಲಿ ಅಂತ ನಂಬಿಸಿ ಕರೆತಂದಿದ್ದರಂತೆ. 2022ರ ಅಕ್ಟೋಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಸಾಲದ ವಿಷಯಕ್ಕೆ 16 ಜನ ದಲಿತ ಕಾರ್ಮಿಕರನ್ನು ಕೂಡಿಹಾಕಿ ಹೊಡೆದರು ಅನ್ನೋ ಆರೋಪದ ಮೇಲೆ ಕೇಸು ದಾಖಲಾಯಿತು. ಇಂಥವು ಸುದ್ದಿ ಆಗೋದು ಬೀಗ ಹಾಕಿದ್ದಕ್ಕೆ. ಬೀಗ ಹಾಕದೇ ನಡೆಯುವುದು ಸುದ್ದಿ ಆಗೋದೇ ಇಲ್ಲ.

ಬೀಗ ಹಾಕದಿದ್ದರೂ ಅದು ಜೀತವೇ ಅಂತ ನಮ್ಮ ಸುಪ್ರೀಂ ಕೋರ್ಟ್ ನಲವತ್ತು ವರ್ಷದ ಹಿಂದೆಯೇ ಹೇಳಿದೆ. 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ಕಟ್ಟಡಗಳ ಕೂಲಿಗಳ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ತೀರ್ಪು ಕೊಟ್ಟಿತು. ಹಸಿವೂ ಬಲವಂತವೇ ಅನ್ನೋದು ಅದರ ತಿರುಳು.

ಇನ್ನು 1976ರ ಕಾಯ್ದೆ. ಇದರ ಎಂಟನೇ ಕಲಂ ಬಗ್ಗೆ ನಾನು ಇವತ್ತು ವಿಶೇಷವಾಗಿ ಹೇಳಬೇಕು. ಜೀತದಿಂದ ಬಿಡುಗಡೆ ಆದವನನ್ನು, ಜೀತದ ಕಾರಣಕ್ಕೆ ಅವನಿಗೆ ಕೊಟ್ಟಿದ್ದ ಮನೆಯಿಂದ ಎಬ್ಬಿಸುವ ಹಾಗಿಲ್ಲ. ಎಬ್ಬಿಸಿದ್ದರೆ ಅಧಿಕಾರಿ ಮರಳಿ ಸ್ವಾಧೀನ ಕೊಡಿಸಬೇಕು. ಎಲ್ಲಿಗೆ ಹೋಗಬೇಕು ಅಂತ ಆಗ ಒಂದು ಪ್ರಶ್ನೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? 1843ರ ಕಾನೂನಿಗೆ ಹೊಳೆಯದೇ ಇದ್ದ ಆ ಪ್ರಶ್ನೆ ಈ ಕಾಯ್ದೆ ಬರೆದವರಿಗೆ ಹೊಳೆದಿತ್ತು. ಇನ್ನೊಂದು ಕಲಂ ಹೇಳುತ್ತೆ: ಇದು ಜೀತದ ಸಾಲ ಅಂತ ಕಾರ್ಮಿಕ ಹೇಳಿದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದ್ದು. ಹೆಬ್ಬೆಟ್ಟಿನವನ ಪರವಾಗಿ ಇದಕ್ಕಿಂತ ಗಟ್ಟಿ ಕಾನೂನು ಬರೆಯೋದು ಕಷ್ಟ.

ಹಾಗಾದರೆ ತೊಡಕು ಎಲ್ಲಿ? ಈ ರಕ್ಷಣೆಗಳೆಲ್ಲ ಕೈಗೆ ಬರಬೇಕಾದರೆ ಮೊದಲು ಅಧಿಕಾರಿ ಬಂದು, ಇವನು ಜೀತದಲ್ಲಿದ್ದ ಅಂತ ಗುರುತಿಸಿ, ಬಿಡುಗಡೆ ಪತ್ರ ಕೊಡಬೇಕು. ಆ ಪತ್ರಕ್ಕೆ ಸಹಿ ಹಾಕಿದರೆ ತಮ್ಮ ವ್ಯಾಪ್ತಿಯಲ್ಲಿ ಜೀತ ಇತ್ತು ಅಂತ ಒಪ್ಪಿಕೊಂಡ ಹಾಗಾಗುತ್ತೆ. ಯಾವ ಅಧಿಕಾರಿಗೆ ಬೇಕು ಅದು? ಹಾಗಾಗಿ ಜೀತ ಅನ್ನೋ ಪದವನ್ನೇ ಬರೆಯೋದಿಲ್ಲ. ಕೂಲಿ ವಿವಾದ ಅಂತ ಬರೆಯುತ್ತಾರೆ, ರಾಜಿ ಅಂತ ಬರೆಯುತ್ತಾರೆ. ಪತ್ರ ಇಲ್ಲದಿದ್ದರೆ ಪುನರ್ವಸತಿಯೂ ಇಲ್ಲ. 2016ರ ಕೇಂದ್ರದ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ಅಂತ ಇಟ್ಟರು. ಪೂರ್ತಿ ಹಣವನ್ನು ಮಾಲೀಕನಿಗೆ ಶಿಕ್ಷೆ ಆಗುವುದಕ್ಕೆ ಜೋಡಿಸಿದರು. ನಮ್ಮ ಕೋರ್ಟುಗಳ ವೇಗ ನಿಮಗೆ ಗೊತ್ತು. ಗುಲಾಮರ ಮಾಲೀಕರಿಗೆ 2 ಕೋಟಿ ಪೌಂಡ್ ಕೊಡುವಾಗ ಯಾರೂ ಇಂಥ ಷರತ್ತು ಹಾಕಿರಲಿಲ್ಲ.

ಒಪ್ಪಿಕೊಂಡರೆ ಮಾನ ಹೋಗುತ್ತೆ ಅನ್ನುವವರು ಬ್ರೆಜಿಲ್ ನೋಡಲಿ. ಕಾಫಿಯಲ್ಲಿ ನಮಗಿಂತ ಎಷ್ಟೋ ಪಟ್ಟು ದೊಡ್ಡ ದೇಶ. ನಮ್ಮಲ್ಲಿ ಇನ್ನೂ ಗುಲಾಮಗಿರಿ ಇದೆ ಅಂತ ಆ ಸರ್ಕಾರ 1995ರಲ್ಲಿ ಜಗತ್ತಿನ ಎದುರು ಒಪ್ಪಿಕೊಂಡಿತು. ತೋಟಗಳಿಗೆ ದಿಢೀರ್ ನುಗ್ಗುವ ತಪಾಸಣಾ ತಂಡ ಕಟ್ಟಿತು. ಸಿಕ್ಕಿಬಿದ್ದ ಮಾಲೀಕರ ಹೆಸರುಗಳನ್ನು ಸರ್ಕಾರವೇ ಪಟ್ಟಿ ಮಾಡಿ ಪ್ರಕಟಿಸುತ್ತೆ. ಕೊಳಕು ಪಟ್ಟಿ ಅಂತಲೇ ಅಲ್ಲಿನವರು ಕರೆಯೋದು. ಕಾಫಿ ತೋಟಗಳೂ ಅದರಲ್ಲಿ ಬಂದಿವೆ. ಅದರಿಂದ ಬ್ರೆಜಿಲ್ ಕಾಫಿ ಯಾರೂ ಕುಡಿಯದೇ ಉಳಿದಿಲ್ಲ.

ನಮ್ಮ ಕಾಯ್ದೆಯಲ್ಲೂ ಒಂದು ವ್ಯವಸ್ಥೆ ಇದೆ. ಪ್ರತಿ ಜಿಲ್ಲೆಗೆ, ಪ್ರತಿ ಉಪವಿಭಾಗಕ್ಕೆ ಒಂದು ಜಾಗೃತಿ ಸಮಿತಿ. ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದವರು ಅಧ್ಯಕ್ಷರು. ಪರಿಶಿಷ್ಟ ಜಾತಿ ಪಂಗಡದ ಮೂವರು, ಇಬ್ಬರು ಸಮಾಜ ಸೇವಕರು ಇರಲೇಬೇಕು. ಲೈನ್ ಮನೆಗಳಿಗೆ ಹೋಗಿ, ರೈಟರ ಲೆಕ್ಕದ ಪುಸ್ತಕ ತರಿಸಿಕೊಂಡು, ಮುಂಗಡ ಎಷ್ಟು, ಮುರಿದದ್ದೆಷ್ಟು, ಮನೆಯಲ್ಲಿರುವವರಿಗೆ ಬೇರೆ ಎಲ್ಲಾದರೂ ನಿವೇಶನ ಇದೆಯಾ ಅಂತ ಕೇಳುವ ಅಧಿಕಾರ ಇರುವುದು ಜಿಲ್ಲಾಡಳಿತಕ್ಕೆ. ಪೈಸಾರಿ ಜಾಗ ಎಲ್ಲೆಲ್ಲಿದೆ, ಯಾರ ಬೇಲಿಯೊಳಗೆ ಸೇರಿಕೊಂಡಿದೆ ಅನ್ನೋದೂ ಅವರ ಕಡತದಲ್ಲೇ ಇದೆ.

ಕೊಡಗಿನಲ್ಲಿ ಈಗ ಅರೇಬಿಕಾ ಕೊಯ್ಲು ಶುರುವಾಗಿದೆ, ಜನವರಿ ಕಳೆಯುವ ಹೊತ್ತಿಗೆ ರೋಬಸ್ಟಾ. ಮುಂಗಡದ ಲೆಕ್ಕಗಳು ಬರೆಯಲ್ಪಡುವ ಕಾಲ. ನಿಮ್ಮ ಜಿಲ್ಲೆಯ ಜಾಗೃತಿ ಸಮಿತಿ ಕಳೆದ ಸಲ ಯಾವ ತಾರೀಖಿಗೆ ಸೇರಿತ್ತು, ಯಾವ ತೋಟಕ್ಕೆ ಹೋಗಿತ್ತು, ಎಷ್ಟು ಬಿಡುಗಡೆ ಪತ್ರ ಕೊಟ್ಟಿತು ಅಂತ ಯಾರು ಬೇಕಾದರೂ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಉತ್ತರ 30 ದಿನದೊಳಗೆ ಬರಬೇಕು. ಬಂದ ಉತ್ತರವನ್ನು ನಮಗೆ ಕಳಿಸಿಕೊಡಿ, ಇದೇ ಹೊತ್ತಿನಲ್ಲಿ, ಇದೇ ಜಾಗದಲ್ಲಿ ಕೂತು ಓದುತ್ತೇನೆ.